ಮತ್ತೋಡಿನ ಅಣ್ಣನ ಗಾಡಿಗೆ ಮೀಟರ್ ಕೂರಿಸಿದ್ದು

ಓಡಬೇಕಾದ ಗಾಡಿಯನ್ನು ಲಗೇಜ್ ಆಟೋದಲ್ಲಿ ಹಗ್ಗ ಬಿಗಿದು ತಂದು ಇಳಿಸಿದರೆ ನನಗೆ ಮನಸ್ಸು ಕೆಡುತ್ತದೆ. ಅವತ್ತು ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯ ನನ್ನ ಅಂಗಡಿ ಮುಂದೆ ಹಾಗೆ ಬಂದಿಳಿದದ್ದು ಒಂದು ಕ್ರೂಸರ್ ಬೈಕು. ಮುನ್ನೂರೈವತ್ತು ಸಿಸಿ, ಒಂದೇ ಸಿಲಿಂಡರ್, ಕಾರ್ಬ್ಯುರೇಟರ್ ಕಾಲದ್ದು. ಬಿದ್ದ ಗುರುತಿಲ್ಲ, ತುಕ್ಕಿಲ್ಲ, ಸೈಲೆನ್ಸರಿನ ಕ್ರೋಮಿನಲ್ಲಿ ಮುಖ ನೋಡಿಕೊಂಡು ಕ್ರಾಪು ತೀಡಬಹುದಿತ್ತು. ಇಷ್ಟು ಚೆನ್ನಾಗಿರುವ ಗಾಡಿಯನ್ನು ಯಾಕೆ ಹೊತ್ತು ತಂದರೋ ಎಂದು ನಾನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದೆ.

ಜೊತೆಗೆ ಇಳಿದವರು ಹೊಸದುರ್ಗದ ಕಡೆಯ ಮತ್ತೋಡಿನ ಗಂಡ ಹೆಂಡತಿ. ನನಗಿಂತ ದೊಡ್ಡವರಾದ್ದರಿಂದ ಮೊದಲ ದಿನದಿಂದಲೇ ಅಣ್ಣ, ಅಕ್ಕ ಎಂದು ಕರೆದೆ. ಅಣ್ಣ ಬೋರ್‌ವೆಲ್ ರಿಗ್ಗಿನಲ್ಲಿ ಡ್ರಿಲ್ಲರ್ ಆಗಿದ್ದವರು. ವರ್ಷಗಟ್ಟಲೆ ಕಂಪ್ರೆಸರ್ ಪಕ್ಕದಲ್ಲಿ ನಿಂತು ಎರಡೂ ಕಿವಿ ಹೋಗಿದ್ದವು. ಎದುರಿಗೆ ನಿಂತು ಬಾಯಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿದರೆ ತಿಳಿದುಕೊಳ್ಳುತ್ತಿದ್ದರು. ಕಿವಿಗೆ ಮಿಷನ್ ಹಾಕಿದ್ದರು, ಆದರೆ ಹೆಲ್ಮೆಟ್ ಒಳಗೆ ಅದು ಕುಯ್ಯೆಂದು ಕೂಗುತ್ತಿತ್ತಂತೆ. ಹೆಲ್ಮೆಟ್ ಇಲ್ಲದೆ ಕೇಳಿದರೂ ಎಂಜಿನ್ ಸದ್ದು ತಗಡಿನ ಡಬ್ಬ ಬಡಿದ ಹಾಗೆ ಬರುತ್ತಿತ್ತಂತೆ. ಹಾಗಾಗಿ ಗಾಡಿ ಹತ್ತುವಾಗ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುವುದು ಅವರ ಅಭ್ಯಾಸ. ಲೈಸೆನ್ಸಿನ ವಿಷಯ ಆರ್‌ಟಿಒ ಆಫೀಸಿನಲ್ಲಿ ವಿಚಾರಿಸಿ ಸರಿ ಮಾಡಿಸಿಕೊಂಡಿದ್ದರು.

ನಡೆದದ್ದನ್ನು ಅಕ್ಕ ಹೇಳಿದರು. ಹಿಂದಿನ ವರ್ಷ ರಾಮಗಿರಿಯಲ್ಲಿ ನೆಂಟರ ಮನೆ ಕಾರ್ಯಕ್ಕೆ ಇಬ್ಬರೂ ಇದೇ ಗಾಡಿಯಲ್ಲಿ ಹೊರಟಿದ್ದರು. ಹೊಳಲ್ಕೆರೆ ದಾಟಿದ ಮೇಲೆ ಗಾಡಿ ಮೂರನೇ ಗೇರಿನಲ್ಲೇ ಉಳಿದುಬಿಟ್ಟಿತ್ತು. ಅಣ್ಣ ಐದರಲ್ಲಿದೆ ಎಂದುಕೊಂಡು ಅದೇ ವೇಗದಲ್ಲಿ ಎಳೆದಿದ್ದರು. ಎಂಜಿನ್ ಅರಚುತ್ತಿತ್ತು. ಅಕ್ಕನಿಗೆ ಕೇಳಿಸುತ್ತಿತ್ತು, ಆದರೆ ಗಂಡನಿಗೆ ಅವಸರವಿರಬೇಕು ಎಂದು ಸುಮ್ಮನಿದ್ದರು. ರಾಮಗಿರಿ ಬೆಟ್ಟ ಕಾಣುವ ಹೊತ್ತಿಗೆ ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ಹಿಡಿದು ಗಾಡಿ ಜಾರಿತು. ದೇವರು ದೊಡ್ಡವನು, ಇಬ್ಬರೂ ಮಣ್ಣಿನ ಮೇಲೆ ಬಿದ್ದರು. ಹೊಸದುರ್ಗದಲ್ಲಿ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ್ದಾಯಿತು. ಆಮೇಲೆ ಅಣ್ಣ ಗಾಡಿಯನ್ನು ಒರೆಸಿದ್ದೇ ಒರೆಸಿದ್ದು, ಅಂಗಳ ದಾಟಿಸಲಿಲ್ಲ.

ಗಾಡಿಯನ್ನು ಕೊಡುತ್ತೀರಾ ಎಂದು ಕೇಳಿಕೊಂಡು ಹಿರಿಯೂರಿನ ಒಬ್ಬರು ಎರಡು ಸಲ ಮನೆಗೆ ಬಂದು ಹೋಗಿದ್ದರಂತೆ. ಗಂಡ ಹೆಂಡತಿ ಕೂತು ಒಂದು ಮಾತಿಗೆ ಬಂದಿದ್ದರು. ಗಾಡಿಗೆ ಬೇಕಾದ್ದೆಲ್ಲ ಮಾಡಿಸಿ, ಬರುವ ಅಮಾವಾಸ್ಯೆಗೆ, ಮೊದಲು ಪ್ರತಿ ಅಮಾವಾಸ್ಯೆಗೂ ಹೋಗುತ್ತಿದ್ದ ಹಾಗೆ, ಮಾರಿಕಣಿವೆ ಅಣೆಕಟ್ಟೆಯ ಅಮ್ಮನ ಗುಡಿಗೆ ಒಮ್ಮೆ ಹೋಗಿ ನೋಡುವುದು. ಸರಿ ಹೋದರೆ ಗಾಡಿ ಮನೆಯಲ್ಲಿರುತ್ತದೆ. ಇಲ್ಲದಿದ್ದರೆ ಹಿರಿಯೂರಿನಲ್ಲಿ ಕೀ ಕೊಟ್ಟು ಇಬ್ಬರೂ ಬಸ್ಸಿಗೆ ಮನೆಗೆ.

ಆ ಅಮಾವಾಸ್ಯೆಯ ಸವಾರಿ ಅಕ್ಕನಿಗೆ ಏನಾಗಿತ್ತೆಂಬುದನ್ನೂ ಅವರೇ ಹೇಳಿದರು. ಮನೆ ತುಂಬ ಜನ. ಅತ್ತೆ, ಮೈದುನರು, ಮಕ್ಕಳು ಮರಿ. ಗಂಡನ ಜೊತೆ ಎರಡು ಮಾತಾಡಲು ಒಂದು ಮೂಲೆ ಇರಲಿಲ್ಲ.

"ನಾವು ಮಾತಾಡಿದ್ದೆಲ್ಲ ಗಾಡಿ ಮ್ಯಾಲೇ ಕಣಪ್ಪ. ಕಣಿವೆ ಮುಟ್ಟೋವರ್ಗೂ ಇವರ ಕಿವೀಲಿ ವಟವಟ ಅಂತಿದ್ದೆ. ಇವರು ಹೂಂಗುಡ್ತಾ ಹೋಗೋರು. ಈಗ ಯಾರಿಗೆ ಹೇಳ್ಲಿ?"

ಅಣ್ಣ ಅಷ್ಟರಲ್ಲಿ ನನ್ನ ಗಾಜಿನ ಕಪಾಟಿನ ಮುಂದೆ ನಿಂತು ಮೀಟರುಗಳನ್ನು ನೋಡುತ್ತಿದ್ದರು. ತಿರುಗಿ, ಕಿವಿ ಕೇಳದವರ ಎತ್ತರದ ದನಿಯಲ್ಲಿ ಹೇಳಿದರು: "ಕಿವಿ ಮಾಡೋ ಕೆಲ್ಸ ಕಣ್ಣು ಮಾಡ್ಲಿ. ಎಷ್ಟು ಮೀಟರ್ ಅವೆಯೋ ಅಷ್ಟೂ ಹಾಕಪ್ಪ."

ನನ್ನಂಥವನಿಗೆ ಹೀಗೆ ಹೇಳುವುದೆಂದರೆ ಕೋತಿಗೆ ಹೆಂಡ ಕುಡಿಸಿದ ಹಾಗೆ. ಮೀಟರ್ ಎಂದರೆ ನನಗೆ ಮೊದಲಿನಿಂದಲೂ ಒಂದು ಹುಚ್ಚು. ಅಂಗಡಿಗೆ ಬರುವ ಹುಡುಗರಿಗೆ ಬೇಕಾಗಿರುವುದು ಬಣ್ಣದ ಲೈಟು, ಊರು ಬೆಚ್ಚುವ ಹಾರನ್ನು. ಕೆಲಸಕ್ಕೆ ಬೇಕೆಂದೇ ಮೀಟರ್ ಕೇಳಿ ಬಂದವರು ಅಣ್ಣ ಒಬ್ಬರೇ. ಅವರು ಹೋದ ಮೇಲೆ ಗಾಡಿಯನ್ನು ಒಳಗೆ ತಳ್ಳಿ ನಿಲ್ಲಿಸಿ, ಯಾವುದು ಬೇಕು ಯಾವುದು ಬೇಡ ಎಂದು ಯೋಚಿಸುತ್ತ ಕೂತೆ.

ಆಯಿಲ್ ಪ್ರೆಷರ್ ಮೀಟರನ್ನು ಮೊದಲೇ ಬಿಟ್ಟೆ. ಇಂಥ ಎಂಜಿನ್ನುಗಳಲ್ಲಿ ಆಯಿಲ್ ಬಿಸಿಯಾಗಿ ಗಾಡಿ ನಿಂತಲ್ಲೇ ಸ್ಲೋನಲ್ಲಿ ಓಡುತ್ತಿದ್ದಾಗ ಅದರ ಮುಳ್ಳು ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ. ರೋಗವಿಲ್ಲದಿದ್ದರೂ ಎದೆ ಒಡೆಯುತ್ತದೆ. ಆಯಿಲ್ ಬಿಸಿ ತೋರಿಸುವ ಮೀಟರ್ ಮಾತ್ರ ಬೇಕೇ ಬೇಕು, ಒಮ್ಮೆ ಕಚ್ಚಿಕೊಂಡ ಎಂಜಿನ್ ಅದು. ಅದರ ಸೆನ್ಸರನ್ನು ಕೆಳಗಿನ ಡ್ರೈನ್ ಬೋಲ್ಟಿನ ಜಾಗದಲ್ಲಿ ಕೂರಿಸುವುದು ಸುಲಭ, ಆದರೆ ನಮ್ಮ ಕಡೆಯ ಹಂಪುಗಳಿಗೆ ಅದು ಒಂದು ತಿಂಗಳು ಬಾಳುವುದಿಲ್ಲ. ಆಯಿಲ್ ಹಾಕುವ ಮುಚ್ಚಳಕ್ಕೇ ಸೆನ್ಸರ್ ಬರುವಂಥದ್ದನ್ನು ತರಿಸಿದೆ. ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ಹೇಳುವ ಆರ್‌ಪಿಎಂ ಮೀಟರನ್ನು ದೊಡ್ಡ ಮುಳ್ಳಿನದೇ ಆರಿಸಿದೆ. ಅದರ ಪಕ್ಕಕ್ಕೆ ಗೇರ್ ಎಷ್ಟರಲ್ಲಿದೆ ಎಂದು ಅಂಕಿ ತೋರಿಸುವ ಡಬ್ಬಿ. ಇರಲಿ ಎಂದು ಒಂದು ವೋಲ್ಟ್ ಮೀಟರ್. ಹಿಂದೆ ಬರುವ ಲಾರಿ ಕಾಣಲೆಂದು ಅಗಲವಾದ ಕನ್ನಡಿಗಳು.

ಆರ್‌ಪಿಎಂ ಮೀಟರ್ ನನ್ನನ್ನು ಚೆನ್ನಾಗಿ ಕುಣಿಸಿತು. ನಾಲ್ಕು ಸ್ಟ್ರೋಕಿನ ಒಂದು ಸಿಲಿಂಡರ್, ಎರಡು ಸುತ್ತಿಗೆ ಒಂದು ಕಿಡಿ ಎಂದು ಲೆಕ್ಕ ಹಾಕಿ ಹಿಂಬದಿಯ ಸ್ವಿಚ್ ಇಟ್ಟೆ. ಸ್ಲೋನಲ್ಲಿ ಸಾವಿರ ತೋರಿಸಬೇಕಾದ ಮುಳ್ಳು ಎರಡು ಸಾವಿರಕ್ಕೆ ಹೋಗಿ ನಿಂತಿತು. ಈ ಗಾಡಿಯಲ್ಲಿ ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ, ಒಂದು ಕೆಲಸಕ್ಕೆ, ಇನ್ನೊಂದು ದಂಡಕ್ಕೆ. ಸ್ವಿಚ್ ಬದಲಾಯಿಸಿದರೆ ಲೆಕ್ಕ ಸರಿಯಾಯಿತು, ಆದರೆ ಮುಳ್ಳು ಮಿಡತೆಯ ಹಾಗೆ ಎಗರತೊಡಗಿತು. ಅರ್ಧ ದಿನ ಹುಡುಕಿದ ಮೇಲೆ ಸಿಕ್ಕಿತು. ಅಂದವಾಗಿ ಕಾಣಲೆಂದು ಮೀಟರಿನ ವೈರನ್ನು ಪ್ಲಗ್ ವೈರಿನ ಜೊತೆಗೇ ಸುತ್ತಿ ಕಟ್ಟಿದ್ದೆ. ಬೇರೆ ದಾರಿಯಲ್ಲಿ ಎಳೆದು, ಪ್ಲಗ್ಗಿಗೆ ರೆಸಿಸ್ಟರ್ ಕ್ಯಾಪ್ ಹಾಕಿದ ಮೇಲೆ ಮುಳ್ಳು ತೆಪ್ಪಗಾಯಿತು.

ಎಂಜಿನ್ ಸ್ಲೋನಲ್ಲಿ ಓಡುವಾಗ ಆಗೊಮ್ಮೆ ಈಗೊಮ್ಮೆ ಒಂದೇಟು ತಪ್ಪುತ್ತಿದ್ದದ್ದೂ ಆಗಲೇ ಕಿವಿಗೆ ಬಿತ್ತು. ಕಾರ್ಬ್ಯುರೇಟರ್ ಬಿಚ್ಚಿ ನೋಡಬೇಕೆಂದುಕೊಂಡೆ. ಮೀಟರ್ ಗಡಿಬಿಡಿಯಲ್ಲಿ ಅದು ಹಾಗೇ ಉಳಿಯಿತು.

ಹಾಗೇ ಕೂರದೆ ಹೋದದ್ದು ನನ್ನ ಹುಮ್ಮಸ್ಸು. ಒಂದು ಸಿಲಿಂಡರಿನ ದೊಡ್ಡ ಗಾಡಿ ತಂದವರೆಲ್ಲ ಹೇಳುವುದು ಒಂದೇ ದೂರು, ಕೈ ಜುಮ್ಮೆನ್ನುತ್ತದೆ, ಕಾಲು ಜುಮ್ಮೆನ್ನುತ್ತದೆ. ಆ ನಡುಕ ಇಳಿಸುವುದರಲ್ಲಿ ನನ್ನ ಅಂಗಡಿಗೆ ಊರಲ್ಲಿ ಸ್ವಲ್ಪ ಹೆಸರೂ ಇತ್ತು. ಅಣ್ಣ ಕೇಳಿರಲಿಲ್ಲ, ನಾನೇ ಪ್ರೀತಿಯಿಂದ ಮಾಡಿದೆ. ಹ್ಯಾಂಡಲ್ ಕ್ಲಾಂಪಿನ ಕೆಳಗೆ ರಬ್ಬರ್ ಬುಷ್, ಹಿಡಿಗೆ ಮೆತ್ತನೆಯ ಜೆಲ್ ಗ್ರಿಪ್, ಹ್ಯಾಂಡಲಿನ ಎರಡೂ ತುದಿಗೆ ತೂಕದ ಗುಂಡು, ಕಾಲಿಡುವಲ್ಲಿ ದಪ್ಪ ರಬ್ಬರ್, ಸೀಟಿಗೆ ಇನ್ನೊಂದು ಪದರ ಫೋಮು. ಗಾಡಿ ಮದುಮಗನಂತೆ ನಿಂತಿತು. ನಾನೇ ಒಂದು ಸುತ್ತು ಹೋಗಿ ಬಂದೆ. ಸೋಫಾ ಮೇಲೆ ಕೂತು ಹೋದ ಹಾಗಿತ್ತು.

ಪರೀಕ್ಷೆಗೆ ಗಂಡ ಹೆಂಡತಿ ಇಬ್ಬರೂ ಬಂದರು. ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಅಣ್ಣ ಓಡಿಸಿದರು, ಹಿಂದೆ ನಾನು ಕೂತೆ. ಹೊರಟ ಸ್ವಲ್ಪ ಹೊತ್ತಿಗೆ ನನಗೆ ಅಳುಕು ಶುರುವಾಯಿತು. ಅವರ ಹೆಲ್ಮೆಟ್ ಮತ್ತೆ ಮತ್ತೆ ಕೆಳಕ್ಕೆ ಬಾಗುತ್ತಿತ್ತು. ಮುಳ್ಳು ನೋಡುವುದು, ಗೇರಿನ ಅಂಕಿ ನೋಡುವುದು, ಬಿಸಿ ನೋಡುವುದು, ಮತ್ತೆ ಮುಳ್ಳು. ಒಂದು ಹಂಪನ್ನು ನೋಡದೆ ಹಾರಿಸಿದರು. ಮುಂದೆ ಈರುಳ್ಳಿ ಚೀಲ ತುಂಬಿದ ಟ್ರಾಕ್ಟರ್ ನಿಂತಿತ್ತು. ಅವರ ತಲೆ ಆಗಲೂ ಮೀಟರಿನ ಕಡೆಗೇ ಇತ್ತು. ನಾನು ಎರಡೂ ಕೈಯಿಂದ ಅವರ ಬೆನ್ನಿಗೆ ಬಡಿದೆ. ಟ್ರೇಲರಿಗೆ ಒಂದು ಮೊಳ ಇರುವಾಗ ಗಾಡಿ ನಿಂತಿತು.

ಅಣ್ಣ ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದರು.

"ಎಲ್ಲಾ ಕಾಣ್ತೈತಪ್ಪ," ಎಂದರು. "ಗಾಡಿನೇ ಸಿಗ್ತಿಲ್ಲ. ಸತ್ತಂಗೈತೆ."

ವಾಪಸ್ ಬರುವಾಗ ನಾನು ಓಡಿಸಿದೆ. ಗಂಡ ಹಿಂದೆ ಕೂತು ಬಂದದ್ದನ್ನು ನೋಡಿಯೇ ಅಕ್ಕನಿಗೆ ವಿಷಯ ತಿಳಿಯಿತು. ಬೈಯಲಿಲ್ಲ, ಅಳಲಿಲ್ಲ. ಹಿರಿಯೂರಿನವರಿಗೆ ಫೋನ್ ಮಾಡುವುದೇ ವಾಸಿ ಎಂದಷ್ಟೇ ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡರು. ಅಮಾವಾಸ್ಯೆ ಇನ್ನೂ ದೂರವಿದೆ, ಅಲ್ಲಿಯವರೆಗೆ ತಡೆಯಿರಿ ಎಂದು ಕೇಳಿಕೊಂಡೆ. ಕೇಳಿದೆನೇ ಹೊರತು ಮುಂದೇನು ಮಾಡಬೇಕೆಂಬುದು ನನಗೂ ಗೊತ್ತಿರಲಿಲ್ಲ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿ ಕೂತಿದ್ದೆ.

ಟೀ ತರಿಸಿದೆ. ಅಣ್ಣ ಲೋಟ ಹಿಡಿದು ಮೂಲೆಯಲ್ಲಿದ್ದ ನನ್ನ ಗಾಳಿ ಕಂಪ್ರೆಸರಿಗೆ ಒರಗಿ ನಿಂತರು. ಅದು ಓಡುತ್ತಿತ್ತು. ಲೋಟ ಕೆಳಗಿಟ್ಟು, ಅದರ ಟ್ಯಾಂಕಿನ ಮೇಲೆ ಅಂಗೈ ಊರಿ, ಬೆಲ್ಟು ಸಡಿಲವಾಗಿ ಜಾರುತ್ತಿದೆ ನೋಡು ಎಂದರು. ಹೌದು, ಬೆಳಗಿನಿಂದ ಅದು ಕಿರ್ ಎನ್ನುವುದನ್ನು ನಾನು ಕೇಳಿಯೂ ಕೇಳದವನ ಹಾಗಿದ್ದೆ. ಎದುರಿಗೆ ಹೋಗಿ ನಿಂತು, ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ರಿಗ್ಗು ಓಡೋವಾಗ ಕಿವಿ ಇದ್ದೋನಿಗೂ ಏನೂ ಕೇಳಲ್ಲ. ಲೀವರ್ ಹಿಡಿ ಮ್ಯಾಲೆ ಕೈ ಇಟ್ಕಂಡಿರ್ಬೇಕು. ಕೆಳಗೆ ಮಣ್ಣೋ, ಗಟ್ಟಿ ಕಲ್ಲೋ, ಬಿರುಕು ಬಂತೋ, ಎಲ್ಲಾ ಕೈಗೇ ಬರ್ತೈತೆ. ನಮ್ಮ ಕಸುಬೆಲ್ಲ ಅಂಗೈಯಾಗೆ."

ನಾನು ತಿರುಗಿ ಗಾಡಿಯ ಗ್ರಿಪ್ಪುಗಳನ್ನು ನೋಡಿದೆ. ಮೆತ್ತನೆಯ ಜೆಲ್, ಅದರ ಕೆಳಗೆ ರಬ್ಬರ್, ತುದಿಗೆ ಗುಂಡು. ನಮ್ಮ ಕಸುಬಿನಲ್ಲಿ ನಡುಕ ಎಂದರೆ ರೋಗ. ಅದನ್ನು ಕೊಲ್ಲುವುದೇ ವಿದ್ಯೆ ಎಂದು ಇಷ್ಟು ವರ್ಷ ನಂಬಿದ್ದೆ. ಈ ಮನುಷ್ಯನಿಗೆ ಗಾಡಿ ಮಾತಾಡಲು ಉಳಿದಿದ್ದ ಒಂದೇ ಬಾಯಿ ಅದು, ಅದಕ್ಕೆ ನಾನು ಕೈಯಾರೆ ಬಟ್ಟೆ ತುರುಕಿದ್ದೆ. ಟೀ ಕುಡಿಯಲಿಲ್ಲ, ಸ್ಪ್ಯಾನರ್ ತೆಗೆದುಕೊಂಡೆ.

ಹಾಕಿದ್ದನ್ನೆಲ್ಲ ಬಿಚ್ಚಿದೆ. ರಬ್ಬರ್ ಬುಷ್ ತೆಗೆದು ಹ್ಯಾಂಡಲನ್ನು ಕಬ್ಬಿಣಕ್ಕೆ ಕಬ್ಬಿಣ ಕೂರುವ ಹಾಗೆ ಬಿಗಿದೆ. ಗುಂಡುಗಳು ಹೋದವು. ಜೆಲ್ ಗ್ರಿಪ್ಪಿನ ಜಾಗಕ್ಕೆ ಇದ್ದುದರಲ್ಲೇ ತೆಳುವಾದ, ಗಟ್ಟಿಯಾದ ಗ್ರಿಪ್ ಬಂತು. ಕಾಲಿಡುವ ಕಬ್ಬಿಣ ಬರಿದಾಯಿತು. ಸೀಟಿನ ಫೋಮನ್ನು ಅಣ್ಣನ ಭಾಗದಲ್ಲಿ ಮಾತ್ರ ತೆಗೆದು, ಅಕ್ಕನ ಭಾಗದಲ್ಲಿ ಹಾಗೇ ಬಿಟ್ಟೆ. ವೋಲ್ಟ್ ಮೀಟರ್ ಮತ್ತು ಗೇರಿನ ಡಬ್ಬಿ ಕಪಾಟಿಗೆ ವಾಪಸಾದವು. ಆಯಿಲ್ ಬಿಸಿಯ ಮೀಟರನ್ನು ಪಕ್ಕದ ಪ್ಯಾನೆಲಿಗೆ ಇಳಿಸಿದೆ, ಗಾಡಿ ನಿಲ್ಲಿಸಿದಾಗ ನೋಡಿದರೆ ಸಾಕು. ಆರ್‌ಪಿಎಂ ಮೀಟರ್ ಉಳಿಯಿತು, ಆದರೆ ಅದರಿಂದ ಒಂದು ವೈರ್ ಎಳೆದು ಬಲಗಡೆ ಕನ್ನಡಿಯ ಬುಡದಲ್ಲಿ ಸಣ್ಣ ಹಳದಿ ದೀಪ ಕೂರಿಸಿದೆ. ಹೊಸ ಪಿಸ್ಟನ್ ತಡೆಯುವ ಮಿತಿ ದಾಟಿದರೆ ಅದು ಹತ್ತುತ್ತದೆ. ರಸ್ತೆ ನೋಡುತ್ತಲೇ ಕಣ್ಣಂಚಿಗೆ ಬೀಳುತ್ತದೆ.

ಆಮೇಲೆ ಅಣ್ಣನನ್ನು ಕರೆಸಿದೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಮೀಟರಿಗೆ ಪೇಪರ್ ಅಂಟಿಸಿ, ನಾನು ಮಾತ್ರ ಇಣುಕಿ ನೋಡುವಷ್ಟು ಸಂದಿ ಬಿಟ್ಟೆ. ಅವರು ಹ್ಯಾಂಡಲ್ ಹಿಡಿದು ಕೂರುವುದು, ಎಷ್ಟು ಸುತ್ತು ಎಂದು ಹೇಳುವುದು, ನಾನು ತಲೆಯಾಡಿಸುವುದು. ಮೊದಮೊದಲು ಬಹಳ ತಪ್ಪಿದರು. ಕೈ ಮರೆತುಹೋಗಿದೆ ಎಂದು ನೊಂದುಕೊಂಡರು. ಅಂಗಡಿಗೆ ಬಂದ ಗಿರಾಕಿಗಳಿಗೆ ಇದೊಂದು ಆಟದ ಹಾಗೆ ಕಂಡಿರಬೇಕು. ಮಧ್ಯಾಹ್ನದ ಹೊತ್ತಿಗೆ ಅವರೇ ಒಂದು ದಾರಿ ಕಂಡುಕೊಂಡರು: ಕಡಿಮೆ ಸುತ್ತಿನಲ್ಲಿ ನಡುಕ ಅಂಗೈ ನಡುವೆ ನಿಲ್ಲುತ್ತದೆ, ಏರಿದ ಹಾಗೆ ಬೆರಳಿನ ತುದಿಗೆ ಹರಿಯುತ್ತದೆ, ಅತಿಯಾದರೆ ಕಾಲಿನ ಹೆಬ್ಬೆರಳಿಗೆ ಇಳಿಯುತ್ತದೆ. ಅದಾದ ಮೇಲೆ ಬೇಕಾದಷ್ಟು ಹತ್ತಿರಕ್ಕೆ ಬಂದರು.

ಅವತ್ತು ಒಂದು ಚಿಕ್ಕ ಸಂಗತಿ ನಡೆಯಿತು. ಬಿಸಿ ಎಂಜಿನ್ನಿನಲ್ಲಿ ವಾಲ್ವ್ ತಳ್ಳುವ ಟ್ಯಾಪೆಟ್ಟಿನ ಸದ್ದು ನೋಡಲು ನಾನು ಎಲ್ಲ ಮೆಕ್ಯಾನಿಕ್ಕರ ಹಾಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳುತ್ತಿದ್ದೆ. ಅಣ್ಣ ನನ್ನನ್ನೇ ನೋಡುತ್ತಿದ್ದರು. ಕೈ ಚಾಚಿದರು, ಕೊಟ್ಟೆ. ತಾವೂ ಹಾಗೇ ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತರು. ಈ ಕಿವಿ, ಆಮೇಲೆ ಆ ಕಿವಿ. ಬಹಳ ಹೊತ್ತು ನಿಂತರು. ಕೊನೆಗೆ ಹಿಡಿಯನ್ನು ಪಂಚೆಯ ತುದಿಯಿಂದ ಒರೆಸಿ ವಾಪಸ್ ಕೊಟ್ಟರು. ನಾನು ಅದನ್ನು ಮತ್ತೆ ಎಂಜಿನ್ನಿಗೆ ಊರಿದೆ. ಆದರೆ ಆ ಸಲ ಟ್ಯಾಪೆಟ್ ಸದ್ದು ಕೇಳುವಾಗ ನನಗೆ ಅದು ಬರೀ ಟ್ಯಾಪೆಟ್ ಸದ್ದಾಗಿ ಕೇಳಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಇಬ್ಬರೂ ಬಸ್ಸಿಗೆ ಚಿತ್ರದುರ್ಗಕ್ಕೆ ಬಂದರು. ನನ್ನ ಗಾಡಿಯಲ್ಲಿ ನಾನೂ ಹಿಂದೆ ಬರುತ್ತೇನೆಂದು ಮೊದಲೇ ಹೇಳಿದ್ದೆ. ಹೊರಡುವ ಮುಂಚೆ ಅಕ್ಕ ತಾವೇ ಒಂದು ಏರ್ಪಾಟು ಮಾಡಿಕೊಂಡರು. ಹಿಂದಿನಿಂದ ಗಾಡಿ ಹಾರನ್ ಹೊಡೆದರೆ ಬಲ ಭುಜಕ್ಕೆ ಒಂದೇಟು, ಜನ ದನ ಅಡ್ಡ ಬಂದರೆ ಎಡಕ್ಕೆ, ನಿಲ್ಲಿಸಬೇಕಾದರೆ ಎರಡಕ್ಕೂ. ಮನೆಯಲ್ಲಿ ಹೊಡೆಯಲಾಗದ್ದನ್ನೆಲ್ಲ ರಸ್ತೆಯಲ್ಲಿ ಹೊಡೆದು ತೀರಿಸುತ್ತೀರಲ್ಲ ಅಕ್ಕ ಎಂದೆ. ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಹಿರಿಯೂರಿನವರೆಗೆ ದೊಡ್ಡ ರಸ್ತೆ. ಎಡ ಅಂಚು ಬಿಡದೆ, ಅವಸರವಿಲ್ಲದೆ ಓಡಿಸಿದರು. ಹೆಲ್ಮೆಟ್ ಕೆಳಗೆ ಬಾಗಲಿಲ್ಲ. ಹಳದಿ ದೀಪ ಒಮ್ಮೆ ಹತ್ತಿತು, ತಕ್ಷಣ ಗೇರ್ ಏರಿಸಿದರು. ಊರು ದಾಟಿ ಕಣಿವೆ ದಾರಿಗೆ ತಿರುಗಿ, ಗುಡ್ಡದ ಏರು ಶುರುವಾದಾಗ ಹಿಂದಿದ್ದ ನನ್ನ ಕಿವಿಗೆ ಅವರ ಎಂಜಿನ್ ಏದುಸಿರು ಬಿಡುವುದು ಕೇಳಿತು. ಈಗ ಗೇರ್ ಇಳಿಸಬೇಕು ಅಣ್ಣ, ಇಳಿಸಬೇಕು ಎಂದು ನಾನು ಬಾಯಲ್ಲೇ ಹೇಳಿಕೊಂಡೆ. ಅಷ್ಟರಲ್ಲಿ ಅವರ ಎಡಗಾಲು ಆಡಿತು, ಸದ್ದು ಹಗುರವಾಯಿತು. ಖುಷಿಗೆ ನಾನೇ ಹಾರನ್ ಹೊಡೆದೆ. ಅಕ್ಕ ಲಾರಿ ಬಂತೆಂದು ಪಾಪ ಬಲ ಭುಜಕ್ಕೆ ಬಡಿದರು.

ಅಣೆಕಟ್ಟೆಯ ಹತ್ತಿರ ಮರದ ನೆರಳಲ್ಲಿ ಗಾಡಿ ನಿಲ್ಲಿಸಿದರು. ಆಯಿಲ್ ಬಿಸಿ ನೋಡಿದೆ, ಎಲ್ಲಿರಬೇಕೋ ಅಲ್ಲಿತ್ತು. ಕೆಲಸ ಗೆದ್ದಿತು ಎಂದು ನಾನು ಹಿಗ್ಗಿದೆ. ಅಮ್ಮನವರಿಗೆ ಕಾಯಿ ಒಡೆಸಿಕೊಂಡು ಬಂದು ಮೂವರೂ ಕಟ್ಟೆಯ ಮೇಲೆ ಕೂತೆವು. ಅಣ್ಣ ನೀರನ್ನು ನೋಡುತ್ತಿದ್ದರು. ಆಮೇಲೆ ಜೇಬಿನಿಂದ ಕೀ ತೆಗೆದು ಅಕ್ಕನ ಮಡಿಲಲ್ಲಿಟ್ಟರು.

"ಕೊಟ್ಬಿಡಾಣ."

ಅಕ್ಕ ಅವರ ಮುಖವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಇಷ್ಟು ಚೆನ್ನಾಗಿ ಓಡಿಸಿಕೊಂಡು ಬಂದಿರಲ್ಲ, ಯಾಕೆ ಎಂದು ಕೇಳಿದರು.

"ಓಡಿಸ್ಬೋದು. ಕೈಗೆ ಸಿಗ್ತೈತೆ. ಆದ್ರೆ ಇಷ್ಟು ಹತ್ರ ಬಂದ ಮ್ಯಾಲೆ ಆ ಸದ್ದು ಬೇಕು ಅನ್ನುಸ್ತೈತೆ ಕಣೇ. ದಾರಿಯುದ್ದಕ್ಕೂ ಅದನ್ನೇ ಹುಡುಕ್ತಿದ್ದೆ. ಇನ್ನು ಹತ್ತಿದಾಗೆಲ್ಲ ಹಂಗೇ ಆಗ್ತೈತೆ." ನನ್ನ ಕಡೆ ತಿರುಗಿದರು. "ನೀನು ಹೇಳಪ್ಪ. ಬೋರ್ ಮಾಡ್ಸಿದ ಮ್ಯಾಲೆ ಈಗ ಅದರ ಸದ್ದು ಹೆಂಗೈತೆ?"

ಎಂಜಿನ್ ಸದ್ದು ಕೇಳಿಯೇ ಅನ್ನ ಉಣ್ಣುವವನು ನಾನು. ಬಾಯಿ ತೆರೆದೆ. ಚೆನ್ನಾಗಿದೆ ಅಣ್ಣ ಎಂದೆ. ದಪ್ಪಗಿದೆ ಎಂದೆ. ಅಷ್ಟೇ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಅಕ್ಕ ಎದ್ದು ಕೀಯನ್ನು ನನ್ನ ಕೈಗಿಟ್ಟು, ಗಾಡಿ ಸ್ಟಾರ್ಟ್ ಮಾಡಿ ಸ್ಲೋನಲ್ಲಿ ಬಿಡಲು ಹೇಳಿದರು. ಮಾಡಿದೆ. ಅಣ್ಣನನ್ನು ಕರೆತಂದು ಗಾಡಿ ಪಕ್ಕ ನಿಲ್ಲಿಸಿ, ಬೆನ್ನ ಹಿಂದೆ ನಿಂತು, ಅಂಗೈಯನ್ನು ಅವರ ಬೆನ್ನ ನಡುವೆ ಇಟ್ಟರು. ಸ್ವಲ್ಪ ಹೊತ್ತು ಎಂಜಿನ್ನನ್ನು ಕೇಳಿದರು. ಆಮೇಲೆ ಬಡಿಯತೊಡಗಿದರು. ಮೊದಲು ತೀರ ಅವಸರವಾಯಿತು, ನಿಲ್ಲಿಸಿ ಮತ್ತೆ ಹಿಡಿದರು. ಅಂಗೈಯ ಬುಡದಿಂದ ಒಂದೊಂದೇ ಏಟು, ಮೆಲ್ಲಗೆ, ಎಂಜಿನ್ ಹೇಗೆ ಹೊಡೆಯುತ್ತಿತ್ತೋ ಹಾಗೆ. ದೇವಸ್ಥಾನಕ್ಕೆ ಬಂದ ಜನ ತಿರುಗಿ ನೋಡಿದರು. ಅಕ್ಕ ಯಾರನ್ನೂ ನೋಡಲಿಲ್ಲ.

ಅಣ್ಣನ ತಲೆ ನಿಧಾನವಾಗಿ ಆ ಏಟಿಗೆ ಆಡತೊಡಗಿತು. ಇದ್ದಕ್ಕಿದ್ದ ಹಾಗೆ ನಿಂತಿತು.

"ಲೇ, ಒಂದೇಟು ತಪ್ಪಿಸಿದೆ."

ಅಕ್ಕ ಅವರ ಭುಜ ಹಿಡಿದು ತಿರುಗಿಸಿ, ಬಾಯಿ ಕಾಣುವ ಹಾಗೆ ಹೇಳಿದರು: "ನಾನಲ್ಲ ತಪ್ಪಿಸಿದ್ದು. ಅದೇ ತಪ್ಪಿಸ್ತೈತೆ. ಮೊದ್ಲಿಂದಾನೂ ಹಂಗೇ ಅಲ್ವೇನ್ರಿ?"

ಅಣ್ಣ ಅವರನ್ನೇ ನೋಡಿದರು. ಆಮೇಲೆ ತಿರುಗಿ ಒಂದು ಅಂಗೈಯನ್ನು ಟ್ಯಾಂಕಿನ ಮೇಲಿಟ್ಟು ಕಾದು ನಿಂತರು. ಅಕ್ಕ ಮತ್ತೆ ಬೆನ್ನಿಗೆ ಬಡಿಯತೊಡಗಿದರು. ಏಟು, ಏಟು, ಏಟು. ಎಂಜಿನ್ ಒಂದೇಟು ತಪ್ಪಿತು. ಅಕ್ಕನ ಕೈಯೂ ಅಲ್ಲೇ ನಿಂತು ಮುಂದಕ್ಕೆ ಹೋಯಿತು. ಅಂಗೈಗೂ ಬೆನ್ನಿಗೂ ಆ ತಪ್ಪು ಒಟ್ಟಿಗೇ ಬಂತು. ಅಣ್ಣನ ಮುಖದ ತುಂಬ ನಗೆ ಹರಡಿತು, ಕಣ್ಣಲ್ಲಿ ನೀರು ಬಂತು, ಎರಡನ್ನೂ ಅವರು ಮರೆಮಾಡಲಿಲ್ಲ.

"ಹಂಗಾದ್ರೆ ಇದು ನಮ್ದೇ," ಎಂದರು. ನನಗೆ ಬೆರಳು ತೋರಿಸಿ, ಆ ಕಾರ್ಬ್ಯುರೇಟರಿಗೆ ಕೈ ಹಚ್ಚಬೇಡ ಎಂದೂ ಹೇಳಿದರು. ಹಚ್ಚುವುದಿಲ್ಲ ಎಂದು ತಲೆಯಾಡಿಸಿದೆ.

ಕಣಿವೆಯಿಂದ ಕೆಳಗೆ ಬಂದರೆ ಒಂದು ದಾರಿ ಹಿರಿಯೂರಿಗೆ, ಇನ್ನೊಂದು ಹೊಸದುರ್ಗದ ಕಡೆಗೆ. ದಾರಿ ಕವಲೊಡೆಯುವಲ್ಲಿ ಅಣ್ಣ ನನಗೆ ಒಂದು ಕೈ ಎತ್ತಿ, ಹೊಸದುರ್ಗದ ಕಡೆ ತಿರುಗಿಸಿದರು. ಅಕ್ಕನ ಬಲಗೈ ಅವರ ಬೆನ್ನ ಮೇಲಿತ್ತು. ಬಡಿಯುತ್ತಲೇ ಇತ್ತು, ಹಿಂದೆ ಯಾವ ಲಾರಿಯೂ ಇರಲಿಲ್ಲ. ಸದ್ದು ಪೂರ್ತಿ ಕರಗುವವರೆಗೆ ನಾನು ಎಂಜಿನ್ ಆರಿಸಿ ನಿಂತಿದ್ದೆ. ಮನೆಯಲ್ಲಿ ಹೆಂಡತಿಗೆ ಫೋನ್ ಮಾಡಬೇಕು ಎನ್ನಿಸಿತು.

ಹಿರಿಯೂರಿನಲ್ಲಿ ಕೀ ಕೊಡಲು ಗೊತ್ತು ಮಾಡಿದ್ದ ಜಾಗಕ್ಕೆ ಹೋದೆ. ಗಾಡಿ ಕೊಳ್ಳಬೇಕಿದ್ದವರು ಅಂಗಡಿಯೊಂದರ ಮೆಟ್ಟಿಲ ಮೇಲೆ ಹೊಸ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ನನ್ನ ಹಿಂದೆ ರಸ್ತೆಯನ್ನು ಇಣುಕಿ ನೋಡಿ, ಗಾಡಿ ಎಲ್ಲಿ ಎಂದು ಕೇಳಿದರು.

"ಮನೆಗೆ ಹೋಯ್ತು," ಎಂದೆ.